ರೋಮಿಂಗ್ ಹೊರೆ: ರಾಯದುರ್ಗಕ್ಕಿಲ್ಲ, ದುಬೈಗೆ ಉಂಟು

ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದಿಂದ ನೆರೆಯ ಆಂಧ್ರದ ರಾಯದುರ್ಗಕ್ಕೆ ಹೋದರೂ ಪ್ರೀಪೇಯ್ಡ್ ಗ್ರಾಹಕರು ಒಂದು ಕಾಲದಲ್ಲಿ ರೋಮಿಂಗ್ ಶುಲ್ಕ ತೆರಬೇಕಿತ್ತು. ಒಳಬರುವ ಕರೆಗೂ ಹಣ ಕಡಿತವಾಗುತ್ತಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2013 ಹಾಗೂ 2015ರಲ್ಲಿ ದರದ ಮಿತಿಯನ್ನು ಇಳಿಸಿತು. 2016ರಲ್ಲಿ ಜಿಯೋ ಪ್ರವೇಶಿಸಿದ ನಂತರದ ಪೈಪೋಟಿ ಉಳಿದುದನ್ನೂ ಅಳಿಸಿತು.

ಆದರೆ ದೇಶದ ಗಡಿಯಲ್ಲಿ ಈ ಹೊರೆ ಇಂದಿಗೂ ಇದೆ. ದುಡಿಮೆಗೆಂದು ದುಬೈಗೆ ತೆರಳುವವರಿಗೆ ಅಲ್ಲಿನ ಪ್ರೀಪೇಯ್ಡ್ ಸಿಮ್ ಕೊಳ್ಳುವುದೇ ಅಗ್ಗದ ದಾರಿ. ಊರಿನ ಬ್ಯಾಂಕಿನ ಒಟಿಪಿ ಹಳೆಯ ಸಂಖ್ಯೆಗೇ ಬರುವುದರಿಂದ ಅದನ್ನೂ ರೀಚಾರ್ಜ್ ಮಾಡಿಸಿ ಚಾಲ್ತಿಯಲ್ಲಿಡಬೇಕು. ಹೀಗೆ ಖರ್ಚು ಇಮ್ಮಡಿ.

ಐರೋಪ್ಯ ಒಕ್ಕೂಟವು ಸದಸ್ಯ ರಾಷ್ಟ್ರಗಳ ನಡುವಣ ರೋಮಿಂಗ್ ಹೆಚ್ಚುವರಿ ಶುಲ್ಕವನ್ನು 2017ರ ಜೂನ್ 15ರಿಂದ ರದ್ದುಪಡಿಸಿದೆ. ಕೊಲ್ಲಿ ರಾಷ್ಟ್ರಗಳೊಡನೆ ಅಂತಹುದೇ ಒಪ್ಪಂದಕ್ಕೆ ಕೇಂದ್ರ ಸರ್ಕಾರ ಮುಂದಾಗಬಾರದೇಕೆ?