ಬ್ಲ್ಯಾಕ್ ಫಂಗಸ್: ಬಿಳಿ ರಕ್ತಕಣಗಳು ಸೋತದ್ದೆಲ್ಲಿ?

2021ರ ಕೋವಿಡ್ ಎರಡನೇ ಅಲೆಯ ವೇಳೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಮಂದಿಗೆ ಬ್ಲ್ಯಾಕ್ ಫಂಗಸ್ ತಗುಲಿತು. ಮಹಾರಾಷ್ಟ್ರ, ಗುಜರಾತ್‌ನಲ್ಲೇ ಅತಿ ಹೆಚ್ಚು ಪ್ರಕರಣ ದಾಖಲಾದವು. ಆದರೆ ಈ ಶಿಲೀಂಧ್ರ ಹೊಸದೇನಲ್ಲ. ಅದರ ಬೀಜಕಣಗಳು ಮಣ್ಣಿನಲ್ಲಿ, ಗಾಳಿಯಲ್ಲಿ ಸದಾ ಇರುತ್ತವೆ.

ಬಿಳಿ ರಕ್ತಕಣಗಳು ಶಿಲೀಂಧ್ರವನ್ನು ಅದರ ಕೋಶಭಿತ್ತಿಯಿಂದ ಗುರುತಿಸುತ್ತವೆ. ಮನುಷ್ಯನ ಜೀವಕೋಶಕ್ಕೆ ಅಂಥ ಭಿತ್ತಿಯೇ ಇಲ್ಲ. ಮ್ಯಾಕ್ರೋಫೇಜ್‌ಗಳು ಬೀಜಕಣಗಳನ್ನು ನುಂಗಿ, ಮೊಳೆಯದಂತೆ ತಡೆಯುತ್ತವೆ. ಮೊಳೆತು ಎಳೆಯಾದವುಗಳ ಮೇಲೆ ನ್ಯೂಟ್ರೋಫಿಲ್‌ಗಳು ದಾಳಿ ಮಾಡುತ್ತವೆ. ಹತೋಟಿ ತಪ್ಪಿದ ಮಧುಮೇಹ, ಮಿತಿಮೀರಿದ ಸ್ಟೀರಾಯ್ಡ್ ಈ ಎರಡೂ ಕಾವಲನ್ನು ದುರ್ಬಲಗೊಳಿಸುತ್ತವೆ. 2021ರಲ್ಲಿ ಆಗಿದ್ದೂ ಇದೇ.

ಅಲೆ ಇಳಿದಿದೆ, ಮಧುಮೇಹ ಇಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಪಾಯಕಾರಿ ಶಿಲೀಂಧ್ರಗಳ ಮೊದಲ ಪಟ್ಟಿಯಲ್ಲಿ ಈ ಗುಂಪೂ ಇದೆ. ಆಂಫೊಟೆರಿಸಿನ್-ಬಿ ಚುಚ್ಚುಮದ್ದಿಗೆ ಮತ್ತೆ ಪರದಾಡಬಾರದೆಂದರೆ, ರಕ್ತದ ಸಕ್ಕರೆ ಮತ್ತು ಸ್ಟೀರಾಯ್ಡ್ ಬಳಕೆ ಎರಡರ ಮೇಲೂ ಈಗಲೇ ನಿಗಾ ಇಡಬೇಕು.