ಗಣಿತದಲ್ಲೂ ಪಕ್ಷಾಂತರವೇ?

"ಸಂಖ್ಯೆ ಆಚೆ ಹೋದರೆ ಚಿಹ್ನೆ ಬದಲು." ಈ ಮಂತ್ರವನ್ನು ನಾವೂ ಬಾಯಿಪಾಠ ಮಾಡಿದವರೇ. ಅದರ ಬಲದಿಂದಲೇ ಬಿ.ಎಸ್‌ಸಿ. ದಾಟಿ ಕೇಂದ್ರ ಸರ್ಕಾರದ ಗುಮಾಸ್ತರಾದೆವು. ಆದರೆ ಮೊನ್ನೆ ನಮ್ಮ ಮಗಳು, "ಅಪ್ಪಾ, ಚಿಹ್ನೆ ಯಾಕೆ ಬದಲಾಗುತ್ತೆ?" ಎಂದು ಕೇಳಿದಾಗ, "ಹೇಳಿದಷ್ಟು ಮಾಡು" ಎಂದು ಗದರಿಸಿಬಿಟ್ಟೆವು. ಆ ತಪ್ಪಿಗೆ ಈ ಬರಹವೇ ಪ್ರಾಯಶ್ಚಿತ್ತ.

ಅವಳ ಲೆಕ್ಕ ಇಷ್ಟೆ: 3ಯ + 5 = 20. ಐದು ಆಚೆ ಹೋಗಿ ಋಣವಾಯಿತು; 3ಯ = 15. ಸರಿ. ಅದೇ ಮಂತ್ರದಂತೆ ಮೂರೂ ಆಚೆ ಹೋಗಿ ಋಣವಾಯಿತು; ಯ = 12! ತಾಳೆ ನೋಡಿದರೆ ಎಡಗಡೆ 41, ಬಲಗಡೆ 20. ಹುಡುಗಿ ಮಂತ್ರವನ್ನು ಮರೆತದ್ದರಿಂದ ತಪ್ಪಿದ್ದಲ್ಲ, ನಂಬಿದ್ದರಿಂದ ತಪ್ಪಿದಳು.

ನಿಜವಾಗಿ ಯಾವ ಸಂಖ್ಯೆಯೂ ಎಲ್ಲಿಗೂ ಹೋಗುವುದಿಲ್ಲ. ಸಮೀಕರಣವೆಂದರೆ ತಕ್ಕಡಿ. ಎರಡೂ ತಟ್ಟೆಗಳಿಂದ 5 ತೆಗೆಯಿರಿ, ಎರಡನ್ನೂ 3ರಿಂದ ಭಾಗಿಸಿರಿ; ಯ = 5. ಹನ್ನೆರಡನೆಯ ಶತಮಾನದಲ್ಲೇ ಭಾಸ್ಕರಾಚಾರ್ಯರು 'ಬೀಜಗಣಿತ'ದಲ್ಲಿ ಈ ಎರಡು ಬದಿಗಳನ್ನು 'ಪಕ್ಷ'ಗಳೆಂದು ಕರೆದು ಸಮವಾಗಿಟ್ಟರು. ಪಕ್ಷಾಂತರ ಕಲಿಸಿದವರು ನಾವು! ಸಂಸತ್ತು 1985ರಲ್ಲೇ ಪಕ್ಷಾಂತರ ನಿಷೇಧಕ್ಕೆ ಸಂವಿಧಾನವನ್ನು ತಿದ್ದಿತು; ನಮ್ಮ ಮಕ್ಕಳ ನೋಟ್‌ಬುಕ್ಕಿಗೆ ಆ ತಿದ್ದುಪಡಿ ಇನ್ನೂ ತಲುಪಿಲ್ಲ.

ಸೂತ್ರ ತಿರುಗಿಸುವಾಗಲಂತೂ ಅನಾಹುತವೇ. ಸೆಲ್ಸಿಯಸ್ಸನ್ನು 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿಸಿದರೆ ಫ್ಯಾರನ್‌ಹೀಟ್. ಹಿಂದಿರುಗುವಾಗ ಮೊದಲು 32 ಕಳೆಯಬೇಕು: 98.6ರಿಂದ 66.6, ಅದನ್ನು 5ರಿಂದ ಗುಣಿಸಿ 9ರಿಂದ ಭಾಗಿಸಿದರೆ 37. ಮೊದಲು ಗುಣಿಸಿ ಭಾಗಿಸಿ, ಕೊನೆಗೆ 32 ಕಳೆದರೆ ಬರುವುದು ಸುಮಾರು 22.8. ಬದುಕಿರುವವರ ಮೈ ಅಷ್ಟು ತಣ್ಣಗಿರುತ್ತದೆಯೇ? ಕೊನೆಗೆ ಹಾಕಿದ ಬೂಟನ್ನು ಮೊದಲು ಬಿಚ್ಚದೆ ಕಾಲುಚೀಲ ತೆಗೆಯಲಾದೀತೆ?

"ಪರೀಕ್ಷೆಯಲ್ಲಿ ಇಷ್ಟೆಲ್ಲ ಬರೆಯಲು ಹೊತ್ತೆಲ್ಲಿದೆ?" ಎನ್ನುವವರಿದ್ದಾರೆ. ಒಪ್ಪಿದೆವು. ಊರ ದಾರಿ ಗೊತ್ತಿದ್ದವನು ಅಡ್ಡದಾರಿ ಹಿಡಿಯಲಿ, ಬೇಡವೆನ್ನುವವರಾರು? ದಾರಿಯನ್ನೇ ತೋರಿಸದೆ ಅಡ್ಡದಾರಿಗೆ ತಳ್ಳುವುದಕ್ಕೆ ನಮ್ಮ ಆಕ್ಷೇಪ. ಹಾಗೆ ತಳ್ಳಿಸಿಕೊಂಡ ಮಗು ಮೊದಲು ತಪ್ಪು ಮಾಡುತ್ತದೆ, ಆಮೇಲೆ ಹೆದರುತ್ತದೆ, ಕೊನೆಗೆ "ನನಗೆ ಗಣಿತ ಹತ್ತುವುದಿಲ್ಲ" ಎಂದು ಕೈಚೆಲ್ಲುತ್ತದೆ. ಹತ್ತದಿದ್ದುದು ಗಣಿತವಲ್ಲ, ನಮ್ಮ ಮಂತ್ರ.

ಓದುಗ ತಂದೆತಾಯಂದಿರೇ, ಇಂದು ರಾತ್ರಿ ಊಟವಾದ ಮೇಲೆ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಿ. ಪ್ರತಿ ಹೆಜ್ಜೆಯಲ್ಲೂ ಎರಡೂ ಬದಿಗೆ ಏನು ಮಾಡಿದೆ ಎಂದು ಬರೆಸಿ. ಬಂದ ಉತ್ತರವನ್ನು ಮೊದಲ ಸಾಲಿಗೆ ಹಾಕಿ ತಾಳೆ ನೋಡಿಸಿ. "ಯಾಕೆ?" ಎಂದು ಕೇಳಿದರೆ ಮಾತ್ರ, ನಮ್ಮಂತೆ ಗದರಿಸಬೇಡಿ.