ಖಾರ ಕಮ್ಮಿ ಮಾಡ್ಬೇಡಿ, ವೈನ್ ಬದಲಾಯಿಸಿ

ಹಂದನಕೆರೆಯ ತವರಿಗೆ ಹೋದಾಗ ನಡೆದದ್ದು. ಬೆಂಗಳೂರಿನಿಂದ ಬಂದಿದ್ದ ಭಾವ ದುಬಾರಿ ರೆಡ್ ವೈನ್ ತಂದಿದ್ದರು. ಬೆಳಿಗ್ಗೆ ಮಸಾಲೆ ಅರೀತಿದ್ದ ಅಮ್ಮನಿಗೆ, "ಅತ್ತೆ, ವೈನಿಗೆ ಹೊಂದಲ್ಲ, ಖಾರ ಕಮ್ಮಿ ಇರಲಿ" ಅಂದರು. ಅಮ್ಮ ಪಾಪ, ಹಾಗೇ ಮಾಡಿದಳು. ಕರಟದ ಕೆಂಡದ ಮೇಲೆ ಹದವಾಗಿ ಸುಟ್ಟ ಎಳೆ ಕುರಿಮಾಂಸ, ಆದರೆ ಸಪ್ಪೆ! ಯಾರೂ ಎರಡನೇ ತುಂಡು ಕೇಳಲಿಲ್ಲ. ಅಮ್ಮನ ಮುಖ ನೋಡೋಕಾಗಲಿಲ್ಲ.

ತಪ್ಪು ಮಸಾಲೆಯದಲ್ಲ ಕಣ್ರೀ, ಬಾಟಲಿಯದು. ಗಾಢ ಕೆಂಪು ವೈನಿನಲ್ಲಿ ಟ್ಯಾನಿನ್ ಅನ್ನೋ ಒಗರು ಜಾಸ್ತಿ, ಹಸಿ ಅಡಿಕೆ ಜಗಿದ ಹಾಗೆ. ಜೊತೆಗೆ ಶೇ. 13-14ರಷ್ಟು ಆಲ್ಕೋಹಾಲ್. ಎರಡೂ ಸೇರಿದರೆ ಮೆಣಸಿನಕಾಯಿಯ ಉರಿ ಇನ್ನಷ್ಟು ಏರುತ್ತೆ. ಅದಕ್ಕೇ ಖಾರದ ಮಾಂಸಕ್ಕೆ ತುಸು ಸಿಹಿ ಇರುವ ಶೆನಿನ್ ಬ್ಲಾಂಕ್‌ನಂಥ ಬಿಳಿ ವೈನನ್ನು ಚೆನ್ನಾಗಿ ತಣ್ಣಗೆ ಮಾಡಿ ಕೊಡಿ. ಕೆಂಪೇ ಬೇಕು ಅಂತ ಹಟ ಹಿಡಿದರೆ ಒಗರು ಕಮ್ಮಿಯಿರುವ, ಹಣ್ಣಿನ ರುಚಿಯ ಕೆಂಪು ವೈನ್ ತರಿಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಫಾರಿನ್ ಲೇಬಲ್ಲೇ ಆಗಬೇಕೆಂದಿಲ್ಲ. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಕುಟುಂಬದ ವೈನರಿ 1988ರಲ್ಲೇ ಶುರುವಾಯಿತು. ಬೆಲೆ ಹೆಚ್ಚಿದ್ದರೆ ಹೊಂದಿಕೆ ಹೆಚ್ಚು ಅನ್ನೋದಂತೂ ಸುಳ್ಳು.

ಇನ್ನು ಕುಡಿಯದವರು? ನಮ್ಮಲ್ಲಿ ಹೆಂಗಸರನ್ನ, ಹಿರಿಯರನ್ನ ಯಾರೂ ಕೇಳೋದೇ ಇಲ್ಲ, ಅಲ್ವೇ? ಅವರಿಗೆ ಮಜ್ಜಿಗೆಯೇ ಸರಿ. ಖಾರದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗೋದಿಲ್ಲ, ಹಾಲು-ಮಜ್ಜಿಗೆಯ ಪ್ರೋಟೀನು ಅದನ್ನು ಹಿಡಿದುಕೊಳ್ಳುತ್ತೆ. ಇಂಗು, ಕರಿಬೇವು ಹಾಕಿ, ವೈನಿಗೆ ಇಟ್ಟಂಥದ್ದೇ ಗಾಜಿನ ಲೋಟದಲ್ಲಿ, ಅದೇ ತಟ್ಟೆಯಲ್ಲಿಟ್ಟು ಕೊಡಿ.